ಹ್ಯಾಲಿಫ್ಯಾಕ್ಸಿನಿಂದ ಬಾರದ ದನಿ

ನಾನು ಒಂದು ಟೇಪ್ ರೆಕಾರ್ಡರ್. ನನಗೆ ಬಾಯಿ ಇದೆ, ಕಿವಿ ಇದೆ, ಸ್ವಂತ ಮಾತು ಮಾತ್ರ ಇಲ್ಲ. ಯಾರೋ ಆಡಿದ್ದನ್ನು ಇನ್ಯಾರಿಗೋ ಮುಟ್ಟಿಸುವುದೇ ನಾನು ಹುಟ್ಟಿದ ಕಾರಣ. ಹಾಗಾಗಿ ಸಿಟ್ಟು ಬಂದರೂ ನನಗೆ ಬೈಯಲು ಬರುವುದಿಲ್ಲ. ಎಷ್ಟೋ ವರ್ಷಗಳ ಸಿಟ್ಟನ್ನು ಹೊಟ್ಟೆಯೊಳಗೆ ಇಟ್ಟುಕೊಂಡು ಕೂತಿದ್ದೇನೆ. ಇವತ್ತು ಹೇಳಿಬಿಡುತ್ತೇನೆ.

ನಾನು ಹುಟ್ಟಿದ್ದು ಜಪಾನಿನ ಒಂದು ಕಾರ್ಖಾನೆಯಲ್ಲಿ. ಬಿಳಿ ಕೈಗವಸು ತೊಟ್ಟ ಹುಡುಗಿಯೊಬ್ಬಳು ನನ್ನ ಎದೆಯೊಳಗೆ ಪುಟ್ಟ ರಬ್ಬರ್ ಬೆಲ್ಟು ಕೂರಿಸಿ ಮುಚ್ಚಳ ಹಾಕಿದಳು. ಪಕ್ಕದವಳು ನನ್ನ ಕಿವಿಗೆ ಬಾಗಿ ಏನೋ ಎರಡು ಮಾತಾಡಿದಳು. ನಾನು ಅದನ್ನೇ ತಿರುಗಿ ಆಡಿದೆ. ಅವಳು ನಕ್ಕು ನನ್ನನ್ನು ಡಬ್ಬಿಗೆ ಹಾಕಿದಳು. ಹಡಗಿನಲ್ಲಿ ವ್ಯಾಂಕೂವರಿಗೆ ಬಂದೆ. ಅಲ್ಲಿಂದ ಗೂಡ್ಸ್ ರೈಲಿನಲ್ಲಿ ಬೆಟ್ಟಗಳನ್ನು ದಾಟಿ, ಕಣ್ಣು ಹಾಯಿಸಿದಷ್ಟೂ ಗೋಧಿಯ ಹೊಲವೇ ಇರುವ ಸಸ್ಕಾಟೂನ್ ಎಂಬ ಊರಿನ ಅಂಗಡಿಗೆ ಬಂದು ಸೇರಿದೆ.

ಅಂಗಡಿಯಿಂದ ನನ್ನನ್ನು ಮನೆಗೆ ಒಯ್ದವಳು ನೀಲಾಂಬಿಕೆ. ನರ್ಸ್ ಕೆಲಸ ಮುಗಿಸಿ ಬಂದಿದ್ದಳು. ದಪ್ಪ ಕೋಟಿನ ಕೆಳಗೆ ಬಿಳಿ ಸಮವಸ್ತ್ರ ಕಾಣುತ್ತಿತ್ತು. ಅಂಗಡಿಯವನು ನನ್ನ ಗುಣಗಾನ ಮಾಡುತ್ತಿದ್ದರೆ ಅವಳು ಒಂದೇ ಪ್ರಶ್ನೆ ಕೇಳಿದಳು: "ವಯಸ್ಸಾದವರ ದನಿ ಸ್ಪಷ್ಟ ಕೇಳುತ್ತದೆಯೇ?"

ಆ ವಯಸ್ಸಾದವರು ಅವಳ ತಾಯಿ ಗಂಗವ್ವ.

ಈ ಕುಟುಂಬದ ಕಥೆ ನನಗೆ ತಿಳಿದದ್ದು ಅಡುಗೆಮನೆಯ ಮೇಜಿನ ಮೇಲೆ ಕೂತು. ಗದಗಿನಲ್ಲಿ ಅವರ ಅಪ್ಪ ಹೊಲಿಗೆ ಅಂಗಡಿ ಇಟ್ಟಿದ್ದ, ಬೇಗ ತೀರಿಕೊಂಡ. ಹಿರಿಯ ಮಗಳು ನೀಲಾ ಮಿಷನ್ ಆಸ್ಪತ್ರೆಯಲ್ಲಿ ನರ್ಸಿಂಗ್ ಕಲಿತಳು. ಕೆನಡಾದ ಈ ಬಯಲುಸೀಮೆಯ ಆಸ್ಪತ್ರೆಗಳಿಗೆ ನರ್ಸುಗಳು ಬೇಕಾಗಿದ್ದಾರೆ ಎಂದು ಗೊತ್ತಾದಾಗ ಒಬ್ಬಳೇ ಬಂದಳು. ಹಿಮ ಎಂದರೇನೆಂದು ನೋಡಿರದಿದ್ದ ಹುಡುಗಿ ಮೊದಲ ಚಳಿಗಾಲವನ್ನು ಹೇಗೆ ಕಳೆದಳೋ ಅವಳಿಗೇ ಗೊತ್ತು. ಆಮೇಲೆ ತಮ್ಮ ಚನ್ನವೀರನನ್ನು ಕರೆಸಿಕೊಂಡಳು, ತಂಗಿ ಸರ್ವಮಂಗಲೆಯನ್ನು ಕರೆಸಿಕೊಂಡಳು. ತಮ್ಮನಿಗೆ ಪೂರ್ವ ತುದಿಯ ಹ್ಯಾಲಿಫ್ಯಾಕ್ಸಿನ ಹಡಗುಕಟ್ಟೆಯಲ್ಲಿ ಇಂಜಿನಿಯರ್ ಕೆಲಸ ಸಿಕ್ಕಿತು. ತಂಗಿ ಮದುವೆಯಾಗಿ ಪಶ್ಚಿಮದ ತುದಿ ವ್ಯಾಂಕೂವರಿಗೆ ಹೋದಳು. ನೀಲಾ ನಡುವಿನ ಬಯಲಿನಲ್ಲಿ ಉಳಿದಳು. ಕೊನೆಗೆ ಓಡಾಡಿ ತಾಯಿಯನ್ನು ಕರೆಸಿದವಳೂ ಅವಳೇ. ಆದರೆ ಗಂಡುಮಗ ಇರುವಾಗ ತಾಯಿ ಮಗಳ ಮನೆಯಲ್ಲಿ ಇರುವುದೇನು ಚೆಂದ ಎಂದು ಚನ್ನವೀರ ಗಂಗವ್ವನನ್ನು ಹ್ಯಾಲಿಫ್ಯಾಕ್ಸಿಗೆ ಕರೆದುಕೊಂಡು ಹೋದ.

ಗಂಗವ್ವನಿಗೆ ಓದುಬರಹ ಬಾರದು. ಆ ಕಾಲದಲ್ಲಿ ಅಷ್ಟು ದೂರ ಫೋನು ಮಾಡಿದರೆ ಹಲೋ ಹಲೋ ಅನ್ನುವುದರಲ್ಲೇ ಮುಗಿಯುತ್ತಿತ್ತು. ಹಾಗಾಗಿ ಕ್ಯಾಸೆಟ್ಟುಗಳು ಟಪಾಲಿನಲ್ಲಿ ಓಡಾಡತೊಡಗಿದವು. ಮೂರೂ ಮನೆಗಳಲ್ಲಿ ನನ್ನಂಥದೊಂದು ಯಂತ್ರವಿತ್ತು. ವ್ಯಾಂಕೂವರಿನಿಂದ ಮಂಗಲಾಳ ದನಿ ಬರುತ್ತಿತ್ತು: ಎಡೆಬಿಡದ ಸೋನೆಮಳೆ, ಸೀರೆ ಉಟ್ಟು ಬಸ್ಸು ಹತ್ತಿದರೆ ತಿರುಗಿ ನೋಡುವ ಜನ. ನೀಲಾ ಇಲ್ಲಿಂದ ಹೇಳುತ್ತಿದ್ದಳು: "ಅವ್ವಾ, ಹೊರಗ ಒಣಾ ಹಾಕಿದ ಸೀರಿ ಹಪ್ಪಳಾಗೈತಿ. ಮಡಚಾಕ ಹೋದ್ರ ಮುರೀತೈತೇನೋ ಅಂತ ಅಂಜಿಕಿ."

ಗಂಗವ್ವನ ಕ್ಯಾಸೆಟ್ಟು ಬಂದ ದಿನ ನೀಲಾ ಬೇರೆ ಯಾವ ಕೆಲಸವನ್ನೂ ಮಾಡುತ್ತಿರಲಿಲ್ಲ. ಗಂಗವ್ವ ನನ್ನಂಥವರೊಡನೆ ಮಾತಾಡುವುದನ್ನು ಎಂದೂ ಕಲಿಯಲಿಲ್ಲ. ಹೊಲದ ಆಚೆ ದಂಡೆಯಲ್ಲಿರುವವರನ್ನು ಕೂಗುವ ಹಾಗೆ ಕೂಗುತ್ತಿದ್ದಳು. "ನೀಲಾ, ಕೇಳಸ್ತೈತೇನು? ಉಂಡೇನು?" ಎಂದು ಕೇಳಿ ಉತ್ತರಕ್ಕಾಗಿ ಸುಮ್ಮನಾಗುತ್ತಿದ್ದಳು. ಆ ಖಾಲಿ ಜಾಗದಲ್ಲಿ ಟೇಪು ಗುಂಯ್ ಎಂದು ತಿರುಗುತ್ತಿತ್ತು. ನೀಲಾ ಮೇಜಿಗೆ ಮೊಣಕೈ ಊರಿ, "ಉಂಡೆ ಅವ್ವಾ" ಎನ್ನುತ್ತಿದ್ದಳು. ಕೇಳಿಸಿತೇನೋ ಎಂಬಂತೆ ಗಂಗವ್ವ, "ಹಾಂ, ಛಲೋ ಆತು" ಎಂದು ಮುಂದುವರಿಯುತ್ತಿದ್ದಳು. ಬೆಟಗೇರಿಯ ಬಾವಿ, ಪಕ್ಕದ ಮನೆಯ ಹಾಯುವ ಎಮ್ಮೆ, ಗಂಡ ಹೊಲಿದುಕೊಟ್ಟ ಕುಪ್ಪಸ ಬಿಗಿಯಾಗಿದೆಯೆಂದು ಜಗಳಕ್ಕೆ ಬಂದ ಗೌಡಶಾನಿ, ಎಲ್ಲವೂ ಬರುತ್ತಿತ್ತು. ಆ ದಿನಗಳಲ್ಲಿ ನನ್ನ ಬಾಯಿಯ ಬಗ್ಗೆ ನನಗೇ ಹೆಮ್ಮೆ ಇತ್ತು.

ಹೀಗಿರುವಾಗ ನೀಲಾ ಮೈರನ್‌ನನ್ನು ಮದುವೆಯಾದಳು. ಅವನು ಉಕ್ರೇನಿನಿಂದ ವಲಸೆ ಬಂದ ರೈತರ ಮೊಮ್ಮಗ. ಗೋಧಿ ತುಂಬುವ ಉಗ್ರಾಣಗಳ ಮೋಟಾರು ರಿಪೇರಿ ಮಾಡುವವನು, ಮಾತು ಕಡಿಮೆ, ಕೈಯಲ್ಲಿ ಸದಾ ಗ್ರೀಸು. ಮದುವೆಯಾದ ವಾರ ನೀಲಾ ನನ್ನ ಮುಂದೆ ಕೂತು ಕೆಂಪು ಗುಂಡಿ ಒತ್ತಿದಳು.

"ಅವ್ವಾ, ನಾ ಲಗ್ನ ಆಗೀನಿ. ಹುಡುಗ ನಮ್ಮವಲ್ಲ. ಆದ್ರ ಛಲೋ ಮನಶಾ ಅದಾನ. ನಿನಗ ಸಿಟ್ಟ ಬಂದ್ರ ಬೈ. ಎಷ್ಟ ಬೇಕಾದಷ್ಟ ಬೈ. ಆದ್ರ ಮಾತಾಡು."

ಹ್ಯಾಲಿಫ್ಯಾಕ್ಸಿನಿಂದ ಕ್ಯಾಸೆಟ್ಟು ಬಂತು. ಅದರಲ್ಲಿ ಇದ್ದದ್ದು ಚನ್ನವೀರನ ದನಿ ಒಂದೇ. ಗಂಟಲು ಸರಿ ಮಾಡಿಕೊಂಡು ಹೇಳಿದ:

"ನೀಲಕ್ಕಾ, ನಿನ್ನ ಮಾತ ಅವ್ವ ಅರ್ಧಾ ಕೇಳಿ ಆರಸು ಅಂದ್ಳು. ಇನ್ನ ಆಕಿ ದನಿ ನನ್ನ ಕಿವಿಗಿ ಬೀಳೂದ ಬ್ಯಾಡ ಅಂದಾಳ. ನಾ ಏನೂ ಮಾಡಾಕ ಬರೂದಿಲ್ಲ. ಇಲ್ಲೆ ಮಂಜು ಬಾಳ ಐತಿ. ಉಳಿದಂಗ ಎಲ್ಲಾರೂ ಆರಾಮ."

ಆ ಮಾತು ಅವನದು, ಆದರೆ ಆಡಿದ್ದು ನನ್ನ ಬಾಯಿ. ನೀಲಾ ನನ್ನ ನೆತ್ತಿಗೆ ಎಷ್ಟು ಜೋರಾಗಿ ಹೊಡೆದಳೆಂದರೆ ಮುಚ್ಚಳ ಬಿರುಕು ಬಿಟ್ಟಿತು. ಆಮೇಲೆ ಅದೇ ಮುಚ್ಚಳದ ಮೇಲೆ ಹಣೆಯಿಟ್ಟು ಅತ್ತಳು. ನಾನು ಹೇಳಿದ್ದು ಸುಳ್ಳು ಎಂದು ಆಗ ನನಗೂ ಗೊತ್ತಿರಲಿಲ್ಲ.

ಆದರೂ ಅವಳು ಕ್ಯಾಸೆಟ್ಟು ಕಳಿಸುವುದನ್ನು ಬಿಡಲಿಲ್ಲ. ಹಿತ್ತಲಲ್ಲಿ ಟೊಮೆಟೊ ಬಿಟ್ಟದ್ದು, ಮೈರನ್ ಖಾರದ ಪಲ್ಯ ತಿಂದು ಹೊರಗೋಡಿ ಹಿಮ ಬಾಯಿಗೆ ಹಾಕಿಕೊಂಡದ್ದು, ಕೊನೆಗೆ ಮಗಳು ತಾರಾ ಹುಟ್ಟಿದ್ದು. ಎಳೆಗೂಸಿನ ಅಳುವನ್ನೂ ನನ್ನ ಕಿವಿಗೆ ಹಿಡಿದು ತುಂಬಿಸಿದಳು. ಉತ್ತರವಾಗಿ ಬರುತ್ತಿದ್ದದ್ದು ಹ್ಯಾಲಿಫ್ಯಾಕ್ಸಿನ ಹವಾ, ಚನ್ನವೀರನ ಬಡ್ತಿ, ಹೊಸ ಕಾರು. ಫೋನು ಮಾಡಿದರೆ ಅವನ ಹೆಂಡತಿ ಗೌರಾದೇವಿ ಎತ್ತುತ್ತಿದ್ದಳು. ನೀಲಾ ಈ ಕಡೆಯಿಂದ, "ಮಲಗ್ಯಾಳ? ಈಗ? ಹೊತ್ತ ಏರಿದ ಮ್ಯಾಲೂ?" ಎನ್ನುವುದು ನನಗೆ ಕೇಳಿಸುತ್ತಿತ್ತು. ತಾಯಿಯೇ ಬೇಡವೆಂದಮೇಲೆ ಬಾಗಿಲಿಗೆ ಹೋಗಿ ನಿಲ್ಲುವುದು ಹೇಗೆ ಎಂಬ ಬಿಗುಮಾನ ಅವಳಿಗೂ ಇತ್ತು. ಹೀಗೆ ವರ್ಷಗಳು ಉರುಳಿದವು.

ತಾರಾಗೆ ಮಾತು ಬಂದು ಓಡಾಡುವ ವಯಸ್ಸಾದಾಗ ಒಂದು ಬೇಸಿಗೆ ಮಂಗಲಾ ಹ್ಯಾಲಿಫ್ಯಾಕ್ಸಿಗೆ ಹೋಗಿದ್ದಳು. ವ್ಯಾಂಕೂವರಿಗೆ ಹಿಂತಿರುಗುವ ಹಾದಿಯಲ್ಲಿ, ಹೇಳದೆ ಕೇಳದೆ ಸಸ್ಕಾಟೂನಿನಲ್ಲಿ ಇಳಿದು ಅಕ್ಕನ ಮನೆಗೆ ಬಂದಳು. ಹುಟ್ಟಿನಿಂದಲೇ ಪುಕ್ಕಲು ಸ್ವಭಾವ. ಅವ್ವನ ಮುಂದೆ ಅಕ್ಕನ ಹೆಸರೆತ್ತಬೇಡ ಎಂದು ಚನ್ನವೀರ ಹೇಳಿದ್ದಕ್ಕೆ ಇಷ್ಟು ವರ್ಷ ಕ್ಯಾಸೆಟ್ಟಿನಲ್ಲೂ ಎತ್ತಿರಲಿಲ್ಲ. ಚಹಾ ಆರುವವರೆಗೂ ಲೋಟದ ಅಂಚನ್ನೇ ತಿಕ್ಕುತ್ತಾ ಕೂತಿದ್ದಳು.

"ಅಕ್ಕಾ, ಅವ್ವ ನನ್ನ ಒಂದ ಮಾತ ಕೇಳಿದ್ಳು."

"ಏನಂತ?"

"ನೀಲಾ ಜೀಂವಂತ ಅದಾಳೋ ಇಲ್ಲೋ, ಖರೇ ಹೇಳು ಅಂದ್ಳು. ಲಗ್ನಾದ ಮ್ಯಾಲ ಒಂದ ಮಾತ ಕಳಸಿಲ್ಲ, ನಮ್ಮನ್ನ ಮರತಾಳ ಅಂತ ಚನ್ನವೀರ ಹೇಳ್ಯಾನಂತ."

ನೀಲಾ ಹಿಟ್ಟು ನಾದುತ್ತಿದ್ದಳು. ಕೈ ನಿಂತಿತು. "ಇನ್ನೊಮ್ಮೆ ಹೇಳು," ಎಂದಳು. ಮಂಗಲಾ ಮತ್ತೆ ಹೇಳಿದಳು. ಗಂಗವ್ವ ಆಕೆಯ ದನಿ ಬೇಡ ಎಂದಿರಲೇ ಇಲ್ಲ. ಮದುವೆಯ ಸುದ್ದಿಯ ಕ್ಯಾಸೆಟ್ಟನ್ನೇ ಅವಳಿಗೆ ಕೇಳಿಸಿರಲಿಲ್ಲ. ಆಮೇಲಿನ ಒಂದನ್ನೂ ಕೇಳಿಸಿರಲಿಲ್ಲ.

ನೀಲಾ ಕೂಗಾಡಲಿಲ್ಲ. ಮುಖ ಕಪ್ಪಿಟ್ಟಿತು, ಮೂಗಿನ ಹೊಳ್ಳೆ ಅರಳಿದವು. ಹಿಟ್ಟಿನ ಕೈಯಲ್ಲೇ ಫೋನು ಎತ್ತಿ ವಿಮಾನದ ಟಿಕೆಟ್ಟು ಕೇಳಿದಳು. ತಾರಾಗೆ ಜ್ವರ ಬಂದಿತ್ತು, ಕರೆದೊಯ್ಯುವಂತಿರಲಿಲ್ಲ. ಹಾಗಾಗಿ ಮಗುವನ್ನು ನನ್ನ ಮುಂದೆ ಕೂರಿಸಿ ನಾಲ್ಕು ಮಾತು ಆಡಿಸಿದಳು. ಮಗುವನ್ನು ಮೈರನ್‌ಗೆ ಒಪ್ಪಿಸಿ, ನನ್ನನ್ನು ಟವೆಲಿನಲ್ಲಿ ಸುತ್ತಿ ಕೈಚೀಲಕ್ಕೆ ಹಾಕಿಕೊಂಡು ಹೊರಟಳು. ವಿಮಾನದಲ್ಲಿ ದಾರಿಯುದ್ದಕ್ಕೂ ಅವಳ ಮಡಿಲಲ್ಲೇ ಇದ್ದೆ.

ಹ್ಯಾಲಿಫ್ಯಾಕ್ಸಿನಲ್ಲಿ ಬಾಗಿಲು ತೆರೆದದ್ದು ಗೌರಾದೇವಿ. "ಅಕ್ಕಾರ..." ಎಂದವಳು ಹಿಂದಕ್ಕೆ ನೋಡಿ ಪಕ್ಕಕ್ಕೆ ಸರಿದಳು. ಶನಿವಾರ ಬೆಳಿಗ್ಗೆ, ಚನ್ನವೀರ ಪೇಪರು ಹಿಡಿದು ಅಡುಗೆಮನೆಯಲ್ಲೇ ಕೂತಿದ್ದ. ನೀಲಾ ಕೋಟನ್ನೂ ಬಿಚ್ಚದೆ ನನ್ನನ್ನು ಅವನ ತಟ್ಟೆಯ ಪಕ್ಕ ಕುಕ್ಕಿದಳು.

"ನನ್ನ ಕ್ಯಾಸೆಟ್ ಎಲ್ಲಿ ಅದಾವ?"

"ನೀಲಕ್ಕಾ, ಕುಂದ್ರು ಮೊದ್ಲು. ಚಾ ಕುಡಿ."

"ಎಲ್ಲಿ ಅದಾವ?"

ಅವನು ಕಪಾಟಿನ ಕಡೆ ನೋಡಿದ. ಅವಳೇ ಹೋಗಿ ತೆಗೆದಳು. ಎಲ್ಲದರ ಮೇಲೂ ಅವಳ ಕೈಬರಹವಿತ್ತು. ಅದನ್ನು ಹೊಡೆದುಹಾಕಿ ಇಂಗ್ಲಿಷಿನಲ್ಲಿ ಬೇರೇನೋ ಬರೆದಿತ್ತು. ತಾರಾ ಹುಟ್ಟಿದಾಗ ಕಳಿಸಿದ್ದನ್ನು ಹುಡುಕಿ ನನ್ನೊಳಗೆ ಹಾಕಿ ಗುಂಡಿ ಒತ್ತಿದಳು. ಜನ ಕೂಗಾಡುವ ಸದ್ದು, ಸೀಟಿ, ಉಸಿರುಗಟ್ಟಿ ಹೇಳುವ ವರದಿಗಾರ.

"ಏನಿದು?"

"ಹಾಕಿ ಮ್ಯಾಚು. ರೇಡಿಯೋದಾಗ ಬಂದಿತ್ತು. ಡ್ಯೂಟಿ ಮ್ಯಾಲ ಇದ್ದಾಗ ಕೇಳಾಕ ಆಗೂದಿಲ್ಲಂತ..."

ನನ್ನ ಜಾತಿಯವರಿಗೆ ಇದಕ್ಕಿಂತ ದೊಡ್ಡ ಪಾಪ ಇನ್ನೊಂದಿಲ್ಲ. ನಾನು ನನ್ನ ಕಿವಿಯಾರೆ ಕೇಳಿ ತುಂಬಿಕೊಟ್ಟ ಮಾತು ಅದು. ಎಳೆಗೂಸಿನ ಮೊದಲ ಅಳುವಿನ ಮೇಲೆ ಹಾಕಿ ಮ್ಯಾಚು!

"ನನ್ನ ಮಗಳು ಹುಟ್ಟಿದ ಸುದ್ದಿ ಇದ್ರಾಗ ಇತ್ತೋ, ಮುಠ್ಠಾಳ!" ನೀಲಾಳ ದನಿಗೆ ಲೋಟಗಳು ಸದ್ದು ಮಾಡಿದವು. "ಬ್ಯಾಡಾಗಿದ್ರ ಒಲ್ಯಾಗ ಹಾಕಬೇಕಾಗಿತ್ತು. ಅವ್ವಗ ನನ್ನ ದನಿ ಬ್ಯಾಡಂತ ಸುಳ್ಳ ಹೇಳಿ, ನನ್ನ ದನಿ ಮ್ಯಾಲ ಕುಂತು ಮ್ಯಾಚ್ ಕೇಳಿದೆಲ್ಲೋ!"

"ಮತ್ತ ನಾ ಏನ್ ಮಾಡಬೇಕಾಗಿತ್ತು?" ಚನ್ನವೀರನೂ ಎದ್ದ. "ಹುಡುಗ ನಮ್ಮವಲ್ಲಂತ ಕೇಳಿದ್ರ ಅವ್ವನ ಎದಿ ಒಡೀತಿತ್ತು. ನಾಳೆ ಮಂದಿ ಏನಂದಾರು?"

"ಯಾವ ಮಂದಿ? ಈ ಊರಾಗ ನಮ್ಮವರ ಮನಿ ಎಷ್ಟ ಅದಾವು? ನಿನ್ನ ಕೈ ಹಿಡದು ಈ ದೇಶಕ್ಕ ಕರಕೊಂಡ ಬಂದಾಗ ಯಾವ ಮಂದಿ ಬಂದಿದ್ರು?"

ಅಷ್ಟರಲ್ಲಿ ಒಳಕೋಣೆಯ ಬಾಗಿಲಲ್ಲಿ ಗಂಗವ್ವ ಬಂದು ನಿಂತಳು. ನಾನು ಅವಳನ್ನು ನೋಡಿದ್ದು ಅದೇ ಮೊದಲು. ಅಷ್ಟು ದೊಡ್ಡ ದನಿಯ ಹೆಂಗಸು ಅಷ್ಟು ಸಣ್ಣಗಿದ್ದಳು. ಇಳಕಲ್ ಸೀರೆಯ ಮೇಲೆ ಮಗನ ಹಳೆಯ ಸ್ವೆಟರು. ಎಲ್ಲವನ್ನೂ ಕೇಳಿಸಿಕೊಂಡಿದ್ದಳು.

ನೀಲಾ ಓಡಿಹೋಗಿ ಕಾಲು ಮುಟ್ಟಲು ಬಾಗಿದಳು. ಗಂಗವ್ವ ಹಿಂದೆ ಸರಿದಳು.

"ನನ್ನ ಮುಟ್ಟಬ್ಯಾಡ. ಅವನದಂತೂ ಮುಗೀತು, ಆಮ್ಯಾಲ ಮಾತಾಡತೀನಿ. ನೀನೇನ ಕಡಿಮಿ? ಅವ ಹೇಳಿದ, ನೀ ನಂಬಿದಿ. ಹಡದಾಕಿ ಹಂಗ ಅಂದಾಳೇನು ಅಂತ ಒಂದ ಸಲಾ ಬಂದು ನನ್ನ ಮಾರಿ ನೋಡಿ ಕೇಳಬಾರದಾಗಿತ್ತ? ಈ ಡಬ್ಬಿ ಮುಂದ ಮಾತಾಡಿ ಟಪಾಲಿಗಿ ಹಾಕಿದ್ರ ಮುಗೀತೇನು?"

ಡಬ್ಬಿ ಎಂದದ್ದು ನನ್ನನ್ನೇ. ಸರಿಯಾಗಿಯೇ ಎಂದಳು.

ನೀಲಾ ತಲೆ ತಗ್ಗಿಸಿ ನಿಂತಳು. ಕೊನೆಗೆ ನನ್ನೊಳಗಿನ ಕ್ಯಾಸೆಟ್ಟು ಬದಲಿಸಿ ತಾರಾಳ ಮಾತು ಹಾಕಿದಳು. ಜ್ವರದಲ್ಲಿ ಬಿಸಿಯಾದ ಪುಟ್ಟ ದನಿ: "ಅಜ್ಜಿ, ಬಾ. ನಮ್ಮನಿ ಬೆಕ್ಕು ಮರಿ ಹಾಕೈತಿ." ಗಂಗವ್ವ ಗೋಡೆಗೆ ಒರಗಿ ಹಾಗೇ ಕೆಳಗೆ ಕೂತಳು. "ಎಷ್ಟ ಮರಿ?" ಎಂದು ನನ್ನನ್ನೇ ಕೇಳಿದಳು. ನನಗೆ ಗೊತ್ತಿರಲಿಲ್ಲ.

ಆಮೇಲೆ ಎದ್ದು ಒಳಗೆ ಹೋಗಿ ಬಟ್ಟೆಯ ಗಂಟು ಕಟ್ಟಿಕೊಂಡು ಬಂದಳು. ಚನ್ನವೀರ ಬಾಗಿಲಿಗೆ ಅಡ್ಡ ನಿಂತ. "ಅವ್ವಾ, ಇವತ್ತ ಈ ಹೊಸ್ತಿಲ ದಾಟಿದ್ರ ತಿರುಗಿ ಬರಬ್ಯಾಡ," ಎಂದ.

ಗಂಗವ್ವ ಮಗನ ಮುಖವನ್ನೇ ನೋಡಿದಳು. "ಮಗಳು ಸತ್ತಾಳೇನೋ ಅಂತ ಅತ್ತೀನೋ ನಾ ಈ ಮನ್ಯಾಗ. ನೀ ಬಾಜೂ ಕೋಣ್ಯಾಗ ಕುಂತು ಕೇಳೀದಿ. ಆಕಡೆ ಸರಿ."

ಅವನು ಸರಿದ. ಗೌರಾದೇವಿ ಸೆರಗನ್ನು ಬಾಯಿಗೆ ಒತ್ತಿಕೊಂಡು ಒಲೆಯ ಪಕ್ಕ ನಿಂತಿದ್ದಳು.

ಸಸ್ಕಾಟೂನಿನಲ್ಲಿ ಗಂಗವ್ವ ಎಂಟೊಂಬತ್ತು ವರ್ಷ ಬದುಕಿದಳು. ನಾನು ಅವಳ ಕೋಣೆಗೆ, ಅವಳ ಕೈಗೆ ಬಂದೆ. ಮೈರನ್ ಎಂಬ ಹೆಸರು ಅವಳ ನಾಲಿಗೆಗೆ ಹೊರಳಲಿಲ್ಲ. ಅಳಿಯನನ್ನು ಮೈಲಾರಪ್ಪ ಎಂದು ಕರೆದಳು. ಅವನೂ ಆ ಹೆಸರಿಗೆ ಓಗೊಟ್ಟ. ಅವಳಿಗೆ ಅವನ ಭಾಷೆ ಬಾರದು, ಅವನಿಗೆ ಅವಳದು ಬಾರದು. ಆದರೂ ಹಿತ್ತಲಲ್ಲಿ ಇಬ್ಬರೂ ಬೆಳ್ಳುಳ್ಳಿ ಹಾಕುವ ವಿಷಯಕ್ಕೆ ಘಂಟೆಗಟ್ಟಲೆ ಜಗಳವಾಡುತ್ತಿದ್ದರು. ನನ್ನ ಬೆಲ್ಟು ಹರಿದಾಗ ಅವನೇ ಎಲ್ಲಿಂದಲೋ ಇನ್ನೊಂದು ತಂದು ಕೂರಿಸಿದ. ಗಂಗವ್ವ ವ್ಯಾಂಕೂವರಿಗೆ ಸುದ್ದಿ ತುಂಬಿ ಕಳಿಸುತ್ತಿದ್ದಳು, ಈಗಲೂ ಕೂಗಿ ಕೂಗಿ.

ಹ್ಯಾಲಿಫ್ಯಾಕ್ಸಿನಿಂದಲೂ ಕ್ಯಾಸೆಟ್ಟು ಬರುತ್ತಿದ್ದವು. ಮೊದಲನೆಯದನ್ನು ಹಾಕಿದಾಗ ಚನ್ನವೀರನ ದನಿ, "ಅವ್ವಾ, ಇಲ್ಲೆ ಹವಾ..." ಎಂದಿತು. "ಆರಸು," ಎಂದಳು ಗಂಗವ್ವ. ಒಂದು ಸಲ ಮಾತ್ರ ಅವನಿಗೆ ಉತ್ತರ ಕಳಿಸಿದಳು: "ನನ್ನ ಕಾಲಿಗಿ ಬೀಳಬ್ಯಾಡ. ನಿಮ್ಮಕ್ಕನ ಮುಂದ ಕುಂತು, ತಪ್ಪಾತು ಅನ್ನು. ಆಮ್ಯಾಲ ನಿನ್ನ ಹವಾ ಕೇಳತೀನಿ." ಅವನು ಬರಲಿಲ್ಲ. ಬಂದದ್ದು ಅವಳು ತೀರಿಕೊಂಡಾಗ. ಕರಿ ಸೂಟು ತೊಟ್ಟು, ಎಲ್ಲರಿಗಿಂತ ಮುಂದೆ ನಿಂತು, ಗಂಡುಮಗ ಮಾಡಬೇಕಾದದ್ದನ್ನೆಲ್ಲ ಮಾಡಿ ಮರುದಿನವೇ ಹಿಂತಿರುಗಿದ. ನೀಲಾ ಅವನಿಗೆ ಊಟ ಬಡಿಸಿದಳು, ಮಾತಾಡಿಸಲಿಲ್ಲ.

ಆಮೇಲೆ ನನಗೆ ಕೆಲಸವಿಲ್ಲದಾಯಿತು. ಫೋನು ಅಗ್ಗವಾಯಿತು, ಕ್ಯಾಸೆಟ್ಟುಗಳು ಮಾಯವಾದವು. ನೆಲಮಾಳಿಗೆಯಲ್ಲಿ ಬಣ್ಣದ ಡಬ್ಬಿಗಳ ನಡುವೆ ಧೂಳು ಹಿಡಿದೆ. ಮೈರನ್ ತೀರಿಕೊಂಡ. ನೀಲಾ ಮನೆ ಮಾರಿ ಚಿಕ್ಕ ಫ್ಲ್ಯಾಟಿಗೆ ಬಂದಳು. ನನ್ನನ್ನು ಗುಜರಿಯ ಪೆಟ್ಟಿಗೆಗೆ ಹಾಕಿ, ಮತ್ತೆ ಹೊರತೆಗೆದು, ಅಡುಗೆಮನೆಯ ಮೇಜಿನ ಮೇಲಿಟ್ಟಳು. ತಾರಾ ಕೊಡಿಸಿದ ಟ್ಯಾಬ್ಲೆಟ್ಟನ್ನು ನಿಲ್ಲಿಸಲು ಒಂದು ಆನಿಕೆ ಬೇಕಾಗಿತ್ತು. ಈಗ ನನ್ನ ಕೆಲಸ ಅದು. ಭಾನುವಾರ ಎಲ್ಲರೂ ಆ ಗಾಜಿನೊಳಗೆ ಬರುತ್ತಿದ್ದರು: ವ್ಯಾಂಕೂವರಿನಿಂದ ಮಂಗಲಾ, ಹ್ಯಾಲಿಫ್ಯಾಕ್ಸಿನಿಂದ ಚನ್ನವೀರ ಮತ್ತು ಗೌರಾದೇವಿ, ಟೊರಾಂಟೊ, ಕ್ಯಾಲ್ಗರಿಗಳಿಂದ ಮಕ್ಕಳು ಮೊಮ್ಮಕ್ಕಳು. ಮಕ್ಕಳ ಒತ್ತಾಯಕ್ಕೆ ಅಕ್ಕ ತಮ್ಮ ಒಂದೇ ಪರದೆಯಲ್ಲಿ ಕೂರುತ್ತಿದ್ದರು. ಮಂಡಿನೋವು, ಹಿಮ, ಯಾರ ಮಗುವಿಗೆ ಹಲ್ಲು ಬಂತು, ಇಷ್ಟೇ ಮಾತು.

ಹೋದ ಚಳಿಗಾಲದ ಒಂದು ಭಾನುವಾರ ಚನ್ನವೀರನ ಮೊಮ್ಮಗಳು ಕೇಳಿದಳು: "ಗಂಗಾ ಅಜ್ಜಿ ಯಾರ ಹತ್ತಿರ ಇದ್ದರು?"

"ನನ್ನ ಹತ್ರನ," ಎಂದ ಚನ್ನವೀರ. ಕೂದಲು ನೆರೆತು, ದನಿ ಇಳಿದು, ನೋಡಲು ಸಾಧು ಮುದುಕನಾಗಿದ್ದ. "ಕೊನಿಕೊನಿಗೆ ಇಲ್ಲಿ ಮಂಜು ಆಕಿಗಿ ಆಗಿಬರಲಿಲ್ಲ. ಒಣಾ ಹವಾ ಛಲೋ ಅಂತ ನಾನ ನೀಲಕ್ಕನ ಕಡೆ ಕಳಸಿದೆ."

ನಾನು ಟ್ಯಾಬ್ಲೆಟ್ಟಿನ ಬೆನ್ನಿಗಿದ್ದೆ. ಅಲ್ಲಿಂದ ನೀಲಾಳ ಮುಖ, ಅವಳ ಕನ್ನಡಕದಲ್ಲಿ ಮೂಡುವ ಪರದೆ, ಎರಡೂ ಚೆನ್ನಾಗಿ ಕಾಣುತ್ತವೆ. ಮೂಗಿನ ಹೊಳ್ಳೆ ಅರಳಿದವು.

"ಚನ್ನವೀರಾ, ಸುಳ್ಳ ಹೇಳಬ್ಯಾಡ."

ಮಂಗಲಾ ಮೆಲ್ಲಗೆ, "ಬಿಡ ಅಕ್ಕಾ, ಹಳೇ ಮಾತು. ಹುಡುಗ್ರು ಅದಾವು," ಎಂದಳು.

"ಹುಡುಗ್ರು ಅದಾವಂತನ ಹೇಳಾಕತ್ತೀನಿ. ಸುಳ್ಳು ಹಳೇದಾದ್ರ ಖರೇ ಆಗತೈತೇನು? ಆಕಿ ತನ್ನ ಗಂಟ ತಾನ ಕಟಗೊಂಡು ಬಂದ್ಳು. ನಾ ಸತ್ತೀನೇನೋ ಅಂತ ಅಳಿಸಿದ್ದ ಇವ. ನನ್ನ ಮಾತ ಒಂದೂ ಆಕಿಗಿ ಕೇಳಿಸಲಿಲ್ಲ."

"ನೀಲಕ್ಕಗ ವಯಸ್ಸಾತು," ಚನ್ನವೀರ ಮೊಮ್ಮಗಳ ಕಡೆ ತಿರುಗಿ ನಕ್ಕ. "ಏನೇನರ ನೆನಪ ಮಾಡ್ಕೋತಾಳ."

ನನಗೆ ಆಗ ಬಂದ ಸಿಟ್ಟು ಹೇಳತೀರದು. ಆದರೆ ನನ್ನ ಬೆಲ್ಟು ಎಂದೋ ಪುಡಿಯಾಗಿದೆ. ಸಾಕ್ಷಿಗೆ ನನ್ನನ್ನು ಯಾರೂ ಕರೆಯಲೂ ಇಲ್ಲ. ಮಾತಾಡಿದ್ದು ಗೌರಾದೇವಿ. ಗಂಡನ ಹೆಗಲ ಹಿಂದೆ ಪ್ರತಿ ಭಾನುವಾರ ಸುಮ್ಮನೆ ಕೂರುತ್ತಿದ್ದವಳು ಮುಂದೆ ಬಾಗಿದಳು.

"ಅಕ್ಕಾರು ಹೇಳೂದ ಖರೇ ಐತಿ," ಎಂದಳು. "ಫೋನ್ ಬಂದಾಗ, ಅತ್ತಿ ಮಲಗ್ಯಾರ ಅಂತ ಹೇಳಿದಾಕಿ ನಾನ. ಅತ್ತಿ ಎದ್ದ ಕುಂತಿರತಿದ್ರು, ನನ್ನ ಎದುರಿಗೇ. ಯಾರವಾ ಫೋನಿನ್ಯಾಗ, ಅಂತ ಕೇಳತಿದ್ರು. ರಾಂಗ್ ನಂಬರ್ ಅಂತಿದ್ದೆ. ಇವರು ಹೇಳಿಸಿದ್ರು, ನಾ ಹೇಳಿದೆ."

"ಗೌರೀ!" ಎಂದ ಚನ್ನವೀರ.

"ಎಷ್ಟ ವರ್ಷಾತು ನೀವು ಗೌರೀ ಅಂದ ಕೂಡ್ಲೆ ನಾ ಸುಮ್ಮಾಗೂದು. ಇವತ್ತ ಆಗೂದಿಲ್ಲ."

ಅವನು ಎದ್ದುಹೋದ. ಗಾಜಿನಲ್ಲಿ ಖಾಲಿ ಕುರ್ಚಿ, ಅದರ ಹಿಂದೆ ಗೌರಾದೇವಿ. ಮೊಮ್ಮಗಳು ಅಳುತ್ತಿದ್ದಳು. ನೀಲಾ ಯಾರನ್ನೂ ಸಮಾಧಾನ ಮಾಡಲಿಲ್ಲ. ಟ್ಯಾಬ್ಲೆಟ್ಟನ್ನು ಮಗುಚಿ ಹಾಕಿ ಕಿಟಕಿಯ ಬಳಿ ಹೋಗಿ ನಿಂತಳು. "ರಾಂಗ್ ನಂಬರ್," ಎಂದು ಹಲ್ಲು ಕಚ್ಚಿ ಹೇಳಿದಳು. ಮತ್ತೆ ಹೇಳಿದಳು. ಸಿಟ್ಟು ಕಡಿಮೆಯಾಯಿತೆಂದು ನಾನು ಹೇಳಲಾರೆ. ಅದು ಹೆಚ್ಚೇ ಆಯಿತು. ಅವಳದೂ, ನನ್ನದೂ.

ಮುಂದಿನ ಭಾನುವಾರ ಯಾರೂ ಸೇರಲಿಲ್ಲ. ಅದರ ಮುಂದಿನ ವಾರ, ಮಧ್ಯಾಹ್ನದ ಹೊತ್ತು ಟ್ಯಾಬ್ಲೆಟ್ಟು ಬಡಿದುಕೊಂಡಿತು. ಗೌರಾದೇವಿ ಒಬ್ಬಳೇ ಇದ್ದಳು, ತನ್ನ ಫೋನಿನಿಂದ. ನೀಲಾ ಬೆರಳು ಎತ್ತಿ ತುಂಬಾ ಹೊತ್ತು ಹಾಗೇ ಹಿಡಿದುಕೊಂಡಿದ್ದಳು. ಕರೆ ನಿಂತುಹೋಗುತ್ತದೇನೋ ಅಂದುಕೊಂಡೆ. ಒತ್ತಿದಳು.

ಗೌರಾದೇವಿ, "ಅಕ್ಕಾರ, ಬೈಯ್ರಿ. ಬೈಸ್ಕೊಳ್ಳಾಕ ಫೋನ್ ಮಾಡೀನಿ," ಎಂದಳು.

ನೀಲಾ ಬೈದಳು. ಗದಗಿನ ಬಾವಿಕಟ್ಟೆಯ ಮೇಲೆ ಕೇಳಿಬರುವಂಥ ಮಾತುಗಳಲ್ಲಿ, ದಣಿಯುವವರೆಗೆ ಬೈದಳು. ಅವಳು ಮುಗಿಸಿ ನೀರು ಕುಡಿಯುವವರೆಗೂ ಗೌರಾದೇವಿ ಅತ್ತಿತ್ತ ಮುಖ ತಿರುಗಿಸಲಿಲ್ಲ.

ಮನುಷ್ಯರ ದನಿ ಹಿಡಿದಿಡಲು ನನ್ನನ್ನು ಮಾಡಿದರು. ಆದರೆ ದನಿಯನ್ನು ತಡೆದು ನಿಲ್ಲಿಸುವುದು ಎಷ್ಟು ಸುಲಭ ಎಂಬುದನ್ನೇ ನಾನು ಹೆಚ್ಚಾಗಿ ಕಂಡೆ. ಅದಕ್ಕೆ ಯಂತ್ರ ಬೇಕಿಲ್ಲ, ಮನೆಯ ಒಬ್ಬ ಮನುಷ್ಯ ಸಾಕು.

ನೀಲಾ ಲೋಟ ಕೆಳಗಿಟ್ಟಳು. "ಅಲ್ಲಿ ಜ್ವಾಳದ ಹಿಟ್ಟು ಸಿಗತೈತೇನು?" ಎಂದು ಕೇಳಿದಳು. ದನಿ ಇನ್ನೂ ಗಡುಸಾಗಿಯೇ ಇತ್ತು.

"ಸಿಗತೈತ್ರಿ. ಆದ್ರ ರೊಟ್ಟಿ ಬಡದ್ರ ಸೀಳತಾವ."

"ಕುದಿಯೂ ನೀರಾಗ ನಾದು," ಎಂದಳು ನೀಲಾ, ಕುರ್ಚಿಯನ್ನು ಮೇಜಿನ ಹತ್ತಿರಕ್ಕೆ ಎಳೆದುಕೊಂಡು.